39 ವರ್ಷ ಆ ಹಾಡು ಎಲ್ಲಿತ್ತು?

(ಮೈಸೂರಿನಲ್ಲಿ ಗೆಳೆಯರ ಬಳಗವೊಂದರ ಮುಂದೆ ಆಡಿದ ಮಾತುಗಳು ಇವು. ಅವತ್ತು ಹೊತ್ತು ಮೀರಿತೆಂದು ಬಿಟ್ಟದ್ದನ್ನೂ ಬರೆಯುವಾಗ ಸೇರಿಸಿದ್ದೇನೆ.)

ವೇಲ್ಸ್‌ನ ಗಾಯಕರೊಬ್ಬರ ಬಗ್ಗೆ ಮಾತು ಅಂದಾಗ ನಿಮ್ಮಲ್ಲಿ ಹಲವರು ಟಾಮ್ ಜೋನ್ಸ್ ಅಂದುಕೊಂಡೇ ಬಂದಿದ್ದೀರಿ. ಬಾಗಿಲಲ್ಲೇ ಇಬ್ಬರು ಕೇಳಿದರು. ತಪ್ಪೇನಿಲ್ಲ. ಟಾಮ್ ಜೋನ್ಸ್, ಶರ್ಲಿ ಬ್ಯಾಸಿ, ಬಾನಿ ಟೈಲರ್ ಮೂವರೂ ಅಲ್ಲಿಯವರೇ, ಮೂವರನ್ನೂ ಜಗತ್ತು ಬಲ್ಲದು. ಆದರೆ ಅವರು ಹೆಸರು ಮಾಡಿದ್ದು ಇಂಗ್ಲಿಷ್ ಹಾಡುಗಳಿಂದ. ನಾನು ಹೇಳಹೊರಟಿರುವವರು ಅರವತ್ತರ ದಶಕದಿಂದ ವೆಲ್ಷ್ ಭಾಷೆಯಲ್ಲೇ ಹಾಡು ಕಟ್ಟಿ ಹಾಡಿಕೊಂಡು ಬಂದವರು. ಹೆಸರು ಡಾವಿದ್ ಇವಾನ್.

ಹೊರಗಿನ ಜಗತ್ತಿಗೆ ಅವರ ಹೆಸರು ಕೇಳಿಸಿದ್ದು 2022ರಲ್ಲಿ. ಫುಟ್‌ಬಾಲ್ ವಿಶ್ವಕಪ್‌ಗೆ ವೇಲ್ಸ್ ತಂಡ ಅರ್ಹತೆ ಪಡೆಯುವ ಹೊತ್ತಿಗೆ ಕಾರ್ಡಿಫ್‌ನ ಕ್ರೀಡಾಂಗಣದಲ್ಲಿ ಅವರು ಒಂದು ಹಾಡು ಹಾಡಿದರು. ಇಡೀ ಕ್ರೀಡಾಂಗಣ ಜೊತೆಗೆ ಹಾಡಿತು. 'ಅಮ ಓ ಹೀಡ್' ಅಂತ ಅದರ ಹೆಸರು. 'ಇನ್ನೂ ಇಲ್ಲೇ' ಎಂದು ಅರ್ಥ. ಆ ವಿಡಿಯೊ ನಿಮ್ಮಲ್ಲಿ ಕೆಲವರು ನೋಡಿರಬಹುದು. ಎಲ್ಲರೂ ಆ ಸಂಜೆಯ ಬಗ್ಗೆಯೇ ಮಾತಾಡುತ್ತಾರೆ. ಆದರೆ ಆ ಹಾಡು ಬಂದದ್ದು 1983ರಲ್ಲಿ. ನನ್ನನ್ನು ಕಾಡಿದ ಪ್ರಶ್ನೆ ಒಂದೇ. ಮಧ್ಯದ 39 ವರ್ಷ ಆ ಹಾಡು ಎಲ್ಲಿತ್ತು? ಅದನ್ನು ಯಾರು ಕಾಪಾಡಿಕೊಂಡು ಬಂದರು? ಅದಕ್ಕೆ ಉತ್ತರ ಹುಡುಕುತ್ತಾ ಹೋದರೆ ಈ ಮನುಷ್ಯನ ಬದುಕು ಪೂರ್ತಿ ಸಿಗುತ್ತದೆ.

ಹುಟ್ಟಿದ್ದು 1943ರ ಆಗಸ್ಟ್‌ನಲ್ಲಿ, ದಕ್ಷಿಣ ವೇಲ್ಸ್‌ನ ಬ್ರಿನಾಮನ್ ಎಂಬ ಊರಿನಲ್ಲಿ. ಕಲ್ಲಿದ್ದಲು ಗಣಿಯ ಸೀಮೆ ಅದು. ಅಪ್ಪ ಚರ್ಚಿನ ಪಾದ್ರಿ. ಅಜ್ಜ ಫ್ರೆಡ್ ಜೋನ್ಸ್, 1925ರಲ್ಲಿ ಪ್ಲೈಡ್ ಕಮ್ರಿ ಎಂಬ ವೇಲ್ಸ್‌ನ ರಾಷ್ಟ್ರವಾದಿ ಪಕ್ಷ ಕಟ್ಟಿದವರಲ್ಲಿ ಒಬ್ಬರು. ಆ ಮನೆತನದಲ್ಲಿ ಹೊಲ ಉಳುತ್ತಲೇ ಪದ್ಯ ಕಟ್ಟುವವರು ಬೇಕಾದಷ್ಟು ಜನ ಇದ್ದರು. ಇವಾನ್ ಇನ್ನೂ ಹುಡುಗನಾಗಿದ್ದಾಗಲೇ ಕುಟುಂಬ ಉತ್ತರಕ್ಕೆ, ಬಾಲಾ ಎಂಬ ಪೇಟೆಯ ಹತ್ತಿರ ಸರೋವರದ ದಂಡೆಯ ಒಂದು ಹಳ್ಳಿಗೆ ಬಂತು. ಮನೆಯಲ್ಲಿ, ಚರ್ಚಿನಲ್ಲಿ, ಬೀದಿಯಲ್ಲಿ ಎಲ್ಲ ಕಡೆ ವೆಲ್ಷ್.

ಬಾಲಾದಿಂದ ಕೆಲವೇ ಮೈಲಿ ದೂರದಲ್ಲಿ ಟ್ರವೆರಿನ್ ಕಣಿವೆ ಇದೆ. ಅಲ್ಲಿ ಕಾಪೆಲ್ ಕೆಲಿನ್ ಅಂತ ಒಂದು ಹಳ್ಳಿ ಇತ್ತು. ಇತ್ತು ಅಂತಲೇ ಹೇಳಬೇಕು. ಇಂಗ್ಲೆಂಡಿನ ಲಿವರ್‌ಪೂಲ್ ನಗರಕ್ಕೆ ನೀರು ಬೇಕಾಯಿತು, ಅಣೆಕಟ್ಟು ಕಟ್ಟಲು ಈ ಕಣಿವೆ ಅನುಕೂಲ ಅನ್ನಿಸಿತು, 1957ರಲ್ಲಿ ಲಂಡನ್ನಿನ ಸಂಸತ್ತು ಕಾಯಿದೆ ಮಾಡಿತು. ವೇಲ್ಸ್‌ನ 36 ಸಂಸದರಲ್ಲಿ ಒಬ್ಬರೂ ಅದರ ಪರವಾಗಿ ಮತ ಹಾಕಿರಲಿಲ್ಲ. ಆದರೂ ಆಯಿತು. ಹಳ್ಳಿಯ ಜನ ಲಿವರ್‌ಪೂಲ್ ಬೀದಿಗಳಲ್ಲಿ ಮಕ್ಕಳನ್ನು ಕರೆದುಕೊಂಡು ಮೆರವಣಿಗೆ ಹೋಗಿ ಬೇಡಿಕೊಂಡರು. ಕೇಳುವವರು ಇರಲಿಲ್ಲ. 1965ರಲ್ಲಿ ಶಾಲೆ, ಚರ್ಚು, ಅಂಚೆ ಕಚೇರಿ, ಮನೆಗಳು, ಹೊಲಗಳು ಎಲ್ಲ ಮುಳುಗಿದವು. ಮುಳುಗಡೆ ಅಂದರೆ ಏನು ಅಂತ ಶರಾವತಿ ಕಡೆಯವರಿಗೆ ನಾನು ವಿವರಿಸಬೇಕಿಲ್ಲ. ಕಾಪೆಲ್ ಕೆಲಿನ್‌ನಲ್ಲಿ ಮುಳುಗಿದ್ದು ವೆಲ್ಷ್ ಬಿಟ್ಟು ಬೇರೆ ಮಾತೇ ಗೊತ್ತಿಲ್ಲದಂತೆ ಬದುಕುತ್ತಿದ್ದ ಒಂದು ಊರು. ಅಂಥವು ಆಗಲೇ ಎಣಿಕೆಗೆ ಸಿಗುವಷ್ಟಾಗಿದ್ದವು. ಲಿವರ್‌ಪೂಲ್ ನಗರಸಭೆ ಅಧಿಕೃತವಾಗಿ ಕ್ಷಮೆ ಕೇಳಿದ್ದು 2005ರಲ್ಲಿ.

ಅದೇ ಕಾಲಕ್ಕೆ ಇನ್ನೊಂದು ನಡೆಯಿತು. 1962ರ ಫೆಬ್ರವರಿಯಲ್ಲಿ ಸಾಂಡರ್ಸ್ ಲೂಯಿಸ್ ಎಂಬ ವಯಸ್ಸಾದ ಸಾಹಿತಿ ರೇಡಿಯೊದಲ್ಲಿ ಒಂದು ಉಪನ್ಯಾಸ ಕೊಟ್ಟರು. ಈಗಿನ ಹಾಗೇ ನಡೆದರೆ 21ನೇ ಶತಮಾನ ಶುರುವಾಗುವ ಹೊತ್ತಿಗೆ ವೆಲ್ಷ್ ಭಾಷೆಯ ಕಥೆ ಮುಗಿಯುತ್ತದೆ ಎಂದರು. ಒಂದು ರೇಡಿಯೊ ಭಾಷಣ ಕೇಳಿ ಜನ ಎದ್ದು ನಿಂತದ್ದು ನನಗೆ ಈಗಲೂ ಆಶ್ಚರ್ಯ. ಅದೇ ವರ್ಷ ಹುಡುಗರು ಹುಡುಗಿಯರು ಸೇರಿ ವೆಲ್ಷ್ ಭಾಷಾ ಸಂಘ ಕಟ್ಟಿದರು. ಯಾರ ಮೈಗೂ ಗಾಯವಾಗಬಾರದು, ಕಾನೂನು ಮುರಿದರೆ ಮುಚ್ಚಿಡಬಾರದು, ನಾವೇ ಮಾಡಿದ್ದು ಎಂದು ಹೇಳಿ ಜೈಲಿಗೆ ಹೋಗಬೇಕು. ಇದು ಅವರ ದಾರಿ.

ಇವಾನ್ ಆಗ ಕಾರ್ಡಿಫ್‌ನಲ್ಲಿ ವಾಸ್ತುಶಿಲ್ಪ ಓದುತ್ತಿದ್ದರು. ಕೈಯಲ್ಲಿ ಗಿಟಾರ್ ಇತ್ತು. ಅಮೆರಿಕದ ಜನಪದ ಹಾಡುಗಾರರ ಪ್ರಭಾವ ಜೋರಾಗಿದ್ದ ಕಾಲ. ಮೊದಮೊದಲು ಅವರ ಹಾಡುಗಳನ್ನೇ ವೆಲ್ಷ್‌ಗೆ ತಂದು ಹಾಡಿದರು, ಆಮೇಲೆ ತಮ್ಮದೇ ಕಟ್ಟತೊಡಗಿದರು. ಟಿವಿಯ ವೆಲ್ಷ್ ಸುದ್ದಿ ಕಾರ್ಯಕ್ರಮದಲ್ಲಿ ಅವರನ್ನು ಮತ್ತೆ ಮತ್ತೆ ಹಾಡಲು ಕರೆಯುತ್ತಿದ್ದರು. ಸುದ್ದಿ ನೋಡಲು ಕೂತವರ ಕಿವಿಗೆ ಹಾಡೂ ಬಿತ್ತು. ಮನೆಮನೆಗೆ ಗೊತ್ತಾದದ್ದು ಹಾಗೆ.

1968ರಿಂದ 71ರವರೆಗೆ ಅವರೇ ಭಾಷಾ ಸಂಘದ ಅಧ್ಯಕ್ಷರು. ಅವತ್ತು ವೇಲ್ಸ್‌ನ ರಸ್ತೆ ಫಲಕಗಳು ಇಂಗ್ಲಿಷ್‌ನಲ್ಲಿದ್ದವು. ಊರಿನ ಹೆಸರುಗಳನ್ನೂ ಇಂಗ್ಲಿಷ್ ನಾಲಿಗೆಗೆ ಒಗ್ಗುವ ಹಾಗೆ ತಿರುಚಿ ಬರೆಯುತ್ತಿದ್ದರು. ಸಂಘದವರು ಹಸಿರು ಬಣ್ಣದ ಡಬ್ಬಿ, ಬ್ರಷ್ ಹಿಡಿದು ರಾತ್ರಿ ಹೊರಟರು. ಫಲಕಕ್ಕೆ ಬಣ್ಣ ಬಳಿಯುವುದು ಎಷ್ಟು ಸಣ್ಣ ಕೆಲಸ, ಎಷ್ಟು ದೊಡ್ಡ ಜಗಳ ಅನ್ನುವುದು ಕನ್ನಡದವರಾದ ನಮಗೂ ಗೊತ್ತು. ಇವಾನ್ ಅವರಿಗೆ ದಂಡ ಬಿತ್ತು. ಕಟ್ಟುವುದಿಲ್ಲ ಅಂದರು. 1970ರ ಜನವರಿಯಲ್ಲಿ ಮೂರು ತಿಂಗಳ ಜೈಲು ಶಿಕ್ಷೆಯಾಯಿತು. ಆಮೇಲೆ ನಡೆದದ್ದು ಕೇಳಿ. ವೇಲ್ಸ್‌ನ ಕೆಲವು ಮ್ಯಾಜಿಸ್ಟ್ರೇಟರು, ಅಂದರೆ ಇಂಥ ಮೊಕದ್ದಮೆಗಳಲ್ಲಿ ಪೀಠದ ಮೇಲೆ ಕೂರುವವರೇ, ತಮ್ಮತಮ್ಮಲ್ಲಿ ಹಣ ಕೂಡಿಸಿ ಆ ದಂಡ ಕಟ್ಟಿಬಿಟ್ಟರು. ಅವಧಿ ಮುಗಿಯುವ ಮೊದಲೇ ಅವರು ಹೊರಗೆ ಬಂದರು. ನ್ಯಾಯಪೀಠದವರ ಮನಸ್ಸನ್ನೇ ತಟ್ಟಿದ್ದರು ಅಂದಮೇಲೆ ಆ ಚಳವಳಿ ಸುಮ್ನೆ ಹುಡುಗರ ಗಲಾಟೆ ಆಗಿರಲಿಲ್ಲ, ಅಲ್ವಾ? ಸರ್ಕಾರ ನೇಮಿಸಿದ ಸಮಿತಿ 1972ರಲ್ಲಿ ಫಲಕಗಳು ಎರಡೂ ಭಾಷೆಯಲ್ಲಿ ಇರಬೇಕು ಎಂದಿತು. ಇವತ್ತು ವೇಲ್ಸ್‌ಗೆ ಹೋದವರು ಮೊದಲು ಗಮನಿಸುವುದೇ ಆ ಎರಡು ಸಾಲಿನ ಫಲಕಗಳನ್ನು.

ಇದರ ಮಧ್ಯೆ ಒಂದು ಹಾಡು ಅವರಿಗೆ ಪ್ರೀತಿಯನ್ನೂ ದ್ವೇಷವನ್ನೂ ಒಟ್ಟಿಗೇ ತಂದಿತು. 1969ರ ಜುಲೈ 1ರಂದು ಕೈರ್ನಾರ್ವನ್ ಕೋಟೆಯಲ್ಲಿ ಚಾರ್ಲ್ಸ್ ಅವರನ್ನು ವೇಲ್ಸ್‌ನ ರಾಜಕುಮಾರ ಎಂದು ಪಟ್ಟಕ್ಕೆ ಕೂರಿಸಿದರು. ಇವಾನ್ 'ಕಾರ್ಲೊ' ಎಂಬ ಗೇಲಿ ಹಾಡು ಕಟ್ಟಿದರು. ಚಾರ್ಲ್ಸ್ ಹೆಸರಿನ ವೆಲ್ಷ್ ರೂಪದ ಹಾಗೆ ಕೇಳುತ್ತದೆ, ಆದರೆ ಅಲ್ಲಿ ನಾಯಿಗೆ ಇಡುವ ಹೆಸರೂ ಹೌದು. ಯುವಕರು ಕುಣಿದಾಡಿದರು. ರಾಜಮನೆತನವನ್ನು ಮೆಚ್ಚುವವರೂ ವೇಲ್ಸ್‌ನಲ್ಲಿ ಜಾಸ್ತಿ ಇದ್ದರು, ಅವರು ಸಿಟ್ಟಾದರು. ನನ್ನ ಮಟ್ಟಿಗೆ ಅದು ಅವರ ಒಳ್ಳೆಯ ಹಾಡಲ್ಲ. ಆ ದಿನಕ್ಕೆ ಬೇಕಿತ್ತು, ಆ ದಿನದ ಕೆಲಸ ಮಾಡಿತು.

ಅದೇ 1969ರಲ್ಲಿ ಮಾಡಿದ ಇನ್ನೊಂದು ಕೆಲಸದ ಬಗ್ಗೆ ಯಾರೂ ಕುಣಿಯಲಿಲ್ಲ. ನಾನು ಜಾಸ್ತಿ ಹೊತ್ತು ನಿಲ್ಲಬೇಕೆಂದಿರುವುದು ಇಲ್ಲೇ. ಹ್ಯೂ ಜೋನ್ಸ್ ಎಂಬ ಇನ್ನೊಬ್ಬ ಗಾಯಕ, ಬ್ರಯನ್ ಮಾರ್ಗನ್ ಎಡ್ವರ್ಡ್ಸ್ ಎಂಬ ಗೆಳೆಯ, ಮತ್ತು ಇವಾನ್, ಮೂವರೂ ಸೇರಿ ಕಾರ್ಡಿಫ್‌ನಲ್ಲಿ ಒಂದು ರೆಕಾರ್ಡ್ ಕಂಪನಿ ಶುರು ಮಾಡಿದರು. ಹೆಸರು 'ಸೈನ್'. ವೆಲ್ಷ್‌ನಲ್ಲಿ ಸದ್ದು, ನಾದ ಅಂತ ಅರ್ಥ. ಮೊದಲು ಹೊರಬಂದದ್ದು ಹ್ಯೂ ಜೋನ್ಸ್ ಹಾಡಿದ 'ನೀರು' ಎಂಬ ಹಾಡು. ಯಾವ ನೀರು ಅಂತ ಹೇಳಬೇಕಿಲ್ಲ. ಅದೇ ಟ್ರವೆರಿನ್‌ನ ನೀರು.

ಸಣ್ಣ ಭಾಷೆಯಲ್ಲಿ ಹಾಡುವವನಿಗೆ ಮೊದಲ ತೊಂದರೆ ಕಂಠದ್ದಲ್ಲ, ಅದನ್ನು ಒಳ್ಳೆಯದಾಗಿ ಮುದ್ರಿಸುವವರು ಯಾರು ಅನ್ನುವುದು. ದೊಡ್ಡ ಕಂಪನಿಗೆ ಐದಾರು ಲಕ್ಷ ಜನರ ಭಾಷೆಯಲ್ಲಿ ಲಾಭ ಕಾಣುವುದಿಲ್ಲ. ಮುದ್ರಿಸಿದರೂ ಅಗ್ಗವಾಗಿ, ಅವಸರದಲ್ಲಿ ಮುಗಿಸುತ್ತಾರೆ. ಹರೆಯದ ಹುಡುಗನೊಬ್ಬ ಒಂದು ಕಡೆ ಲಂಡನ್ನಿನ ರೆಕಾರ್ಡು, ಇನ್ನೊಂದು ಕಡೆ ತನ್ನ ಭಾಷೆಯ ರೆಕಾರ್ಡು ಹಾಕಿ ಕೇಳಿದಾಗ ಎರಡನೆಯದು ಬಡಕಲಾಗಿ ಕೇಳಿದರೆ ಏನಾಗುತ್ತದೆ? ತನ್ನ ಭಾಷೆಯೇ ಬಡಕಲು ಅನ್ನಿಸುತ್ತದೆ. ಈ ಮೂವರಿಗೆ ಅದು ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಮೊದಲ ಹಾಡನ್ನೇ ಒಳ್ಳೆಯ ಸ್ಟುಡಿಯೊದಲ್ಲಿ ಮಾಡಿಸಿದರು. ಆಮೇಲೆ ಕಂಪನಿಯನ್ನು ರಾಜಧಾನಿಯಿಂದ ಕಿತ್ತು ಉತ್ತರಕ್ಕೆ, ಕೈರ್ನಾರ್ವನ್ ಹತ್ತಿರದ ಹಳ್ಳಿಗಾಡಿಗೆ ಒಯ್ದರು. ವೆಲ್ಷ್ ದಿನನಿತ್ಯ ಬಳಕೆಯಲ್ಲಿರುವ ಸೀಮೆ ಅದು. 1975ರಲ್ಲಿ ಅಲ್ಲಿಯ ಒಂದು ಹೊಲಮನೆಯಲ್ಲಿ ತಮ್ಮದೇ ಸ್ಟುಡಿಯೊ ಮಾಡಿಕೊಂಡರು. ಸ್ಥಳೀಯರಿಗೆ ಕೆಲಸ ಸಿಕ್ಕಿತು, ಆ ಕೆಲಸದ ಭಾಷೆಯೂ ವೆಲ್ಷ್ ಆಯಿತು.

ಅಲ್ಲಿಂದ ಏನೆಲ್ಲ ಹೊರಬಂತು! ರಾಕ್ ತಂಡಗಳು, ಹಾರ್ಪ್ ವಾದನ, ಗಂಡಸರ ಕೂಟಗಾನ, ಹಳೆಯ ಜನಪದ, ಮಕ್ಕಳ ಹಾಡು. ಆಮೇಲೆ ಜಗತ್ತಿನ ದೊಡ್ಡ ಆಪೆರಾ ವೇದಿಕೆಗಳಿಗೆ ಹೋದ ಬ್ರಿನ್ ಟರ್ವೆಲ್ ಕೂಡ ಶುರುವಿನಲ್ಲಿ ಇದೇ ಕಂಪನಿಗೆ ಹಾಡಿದವರು. ಇವಾನ್ ದಶಕಗಟ್ಟಲೆ ಅದರ ಆಡಳಿತದ ಕುರ್ಚಿಯಲ್ಲಿ ಕೂತು ದುಡಿದರು. ಯೋಚಿಸಿ ನೋಡಿ. ಗಾಯಕನೊಬ್ಬ ತನ್ನ ಒಳ್ಳೆಯ ವಯಸ್ಸಿನಲ್ಲಿ ಬೇರೆಯವರ ಹಾಡು ಹೊರತರುವ ಲೆಕ್ಕಪತ್ರ ನೋಡುತ್ತಾ ಕೂರುವುದು ಸಣ್ಣ ಮಾತಲ್ಲ. ರಾತ್ರಿ ಯಾವುದೋ ಹಳ್ಳಿಯ ಸಭಾಂಗಣದಲ್ಲಿ ಹಾಡಿ, ಬೆಳಿಗ್ಗೆ ಬಂದು ಕಂಪನಿಯ ಕಾಗದಪತ್ರ ನೋಡಬೇಕು.

ಮಕ್ಕಳ ಹಾಡು ಅಂದೆ. ಎಡ್ವರ್ಡ್ ಎಂಬ ಗೆಳೆಯನ ಜೊತೆ ಸೇರಿ ಎಪ್ಪತ್ತರ ದಶಕದಲ್ಲಿ ಪುಟ್ಟ ಮಕ್ಕಳಿಗೆಂದೇ ರೆಕಾರ್ಡು ಮಾಡಿದರು. ಶಿಶುಗೀತೆ, ನಡುನಡುವೆ ಮಾತು, ಕಥೆ. ವೆಲ್ಷ್ ಮಾತಾಡುವ ಮನೆಗಳಲ್ಲಿ ಒಂದು ತಲೆಮಾರಿನ ಮಕ್ಕಳು ಆ ದನಿ ಕೇಳಿಕೊಂಡೇ ಬೆಳೆದರು, ಅವರು ತಂದೆ ತಾಯಿ ಆದಮೇಲೆ ತಮ್ಮ ಮಕ್ಕಳಿಗೂ ಅದನ್ನೇ ಹಾಕಿದರು. ಅವರಿಗೆಲ್ಲ ಈ ದನಿ ಮೊದಲು ಗೊತ್ತಾದದ್ದು ಜೈಲಿಗೆ ಹೋದ ಹೋರಾಟಗಾರನದಾಗಿ ಅಲ್ಲ, ಮಲಗುವ ಮುಂಚೆ ಕೇಳಿಸುವ ಮಾಮನ ದನಿಯಾಗಿ. ನನ್ನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ.

ಇನ್ನೊಂದು ಕೆಲಸವನ್ನೂ ಹೇಳಿಬಿಡುತ್ತೇನೆ. ಉತ್ತರ ವೇಲ್ಸ್‌ನ ಹಳ್ಳಿಗಳಲ್ಲಿ ಹಣವಂತರು ರಜೆಗೆಂದು ಮನೆ ಕೊಳ್ಳತೊಡಗಿದ್ದರು. ಬೆಲೆ ಏರಿತು, ಊರಿನ ಹುಡುಗರಿಗೆ ಊರಿನಲ್ಲೇ ಮನೆ ಸಿಗದಾಯಿತು. ಮನೆ ಸಿಗದವರು ಊರು ಬಿಟ್ಟರು, ಅವರ ಜೊತೆ ಭಾಷೆಯೂ ಹೋಯಿತು. 1971ರಲ್ಲಿ ಇವಾನ್ ಮತ್ತು ಗೆಳೆಯರು ಒಂದು ವಸತಿ ಸಂಘ ಕಟ್ಟಿದರು. ಹಳೆಯ ಮನೆಗಳನ್ನು ಕೊಂಡು, ರಿಪೇರಿ ಮಾಡಿಸಿ, ಊರಿನವರಿಗೆ ಬಾಡಿಗೆಗೆ ಕೊಡುವುದು. ವಾಸ್ತುಶಿಲ್ಪ ಓದಿದ್ದು ಈ ರೀತಿ ಉಪಯೋಗಕ್ಕೆ ಬಂತು.

ಈಗ ಆ ಹಾಡಿಗೆ ಬರೋಣ. 1979ರ ಮಾರ್ಚ್ 1ರಂದು ವೇಲ್ಸ್‌ಗೆ ತನ್ನದೇ ವಿಧಾನಸಭೆ ಬೇಕೇ ಎಂದು ಜನಮತ ಕೇಳಿದರು. ನೂರಕ್ಕೆ ಸುಮಾರು 80 ಮಂದಿ ಬೇಡ ಎಂದರು. ಬೇರೆಯವರು ಬೇಡ ಅಂದಿದ್ದರೆ ಸಿಟ್ಟಾದರೂ ಬರುತ್ತಿತ್ತು. ತಮ್ಮವರೇ ಬೇಡ ಅಂದರು. ಎರಡೇ ತಿಂಗಳಲ್ಲಿ ಥ್ಯಾಚರ್ ಸರ್ಕಾರ ಬಂತು. ವೆಲ್ಷ್ ಟಿವಿ ವಾಹಿನಿ ಕೊಡುತ್ತೇವೆ ಎಂದವರು ಮಾತು ಬದಲಿಸಿದರು. ಪ್ಲೈಡ್ ಕಮ್ರಿಯ ಹಿರಿಯ ನಾಯಕ ಗ್ವಿನ್‌ವೊರ್ ಎವನ್ಸ್ ಸಾಯುವವರೆಗೆ ಉಪವಾಸ ಮಾಡುತ್ತೇನೆ ಎಂದು 1980ರಲ್ಲಿ ಘೋಷಿಸಿದ ಮೇಲೆ ಸರ್ಕಾರ ಮಣಿಯಿತು. 1982ರ ನವೆಂಬರ್ 1ರಂದು ವಾಹಿನಿ ಶುರುವಾಯಿತು. ಅದು ಗೆಲುವು. ಆದರೆ 1979ರ ಏಟು ಆರಿರಲಿಲ್ಲ.

ಆ ದಿನಗಳಲ್ಲಿ ಇವಾನ್ 'ಆರ್ ಲೋಗ್' ಎಂಬ ಜನಪದ ವಾದ್ಯತಂಡದ ಜೊತೆ ವೇಲ್ಸ್ ಸುತ್ತಿದರು. 1982ರ ತಿರುಗಾಟ, ಸ್ವತಂತ್ರ ವೇಲ್ಸ್‌ನ ರಾಜಕುಮಾರ ಲ್ಯೆವೆಲಿನ್ ಸತ್ತು 700 ವರ್ಷ ಆದ ನೆನಪಿಗೆ. ಮರುವರ್ಷ ಇನ್ನೊಂದು ನೆಪ ಸಿಕ್ಕಿತು. ಮ್ಯಾಗ್ನಸ್ ಮ್ಯಾಕ್ಸಿಮಸ್ ಎಂಬ ರೋಮನ್ ಸೇನಾಪತಿ ಕ್ರಿ.ಶ. 383ರಲ್ಲಿ ತನ್ನ ಪಡೆ ಕಟ್ಟಿಕೊಂಡು ಬ್ರಿಟನ್ ಬಿಟ್ಟು ಹೋದ. ವೆಲ್ಷ್ ಕಥೆಗಳಲ್ಲಿ ಅವನ ಹೆಸರು ಮಾಕ್ಸೆನ್. ರೋಮನ್ನರು ಹೋದಮೇಲೆ ಉಳಿದವರು ನಾವು, ನಮ್ಮ ಲೆಕ್ಕ ಅಲ್ಲಿಂದ ಶುರು ಎಂದು ಎಣಿಸಿದರೆ 1983ಕ್ಕೆ ಸರಿಯಾಗಿ 1600 ವರ್ಷ. ಆ ತಿರುಗಾಟಕ್ಕೆ ಕಟ್ಟಿದ್ದೇ 'ಅಮ ಓ ಹೀಡ್'. ಮಾಕ್ಸೆನ್‌ನಿಂದ ಹಿಡಿದು ಥ್ಯಾಚರ್‌ವರೆಗೆ ಎಲ್ಲರ ಹೆಸರೂ ಅದರಲ್ಲಿ ಬರುತ್ತದೆ. ಇಷ್ಟೆಲ್ಲ ಆದರೂ ನಾವು ಇನ್ನೂ ಇಲ್ಲೇ ಇದ್ದೇವೆ. ಅಷ್ಟೇ ಮಾತು. ಗೆದ್ದೆವು ಅಂತ ಅದು ಹೇಳುವುದಿಲ್ಲ. ಸೋತು ಕೂತಿದ್ದ ಜನರಿಗೆ ಹಾಡಿದ್ದು ಅದು, ಅವರಿಗೆ ಗೆದ್ದಿರಿ ಎಂದಿದ್ದರೆ ಯಾರೂ ನಂಬುತ್ತಿರಲಿಲ್ಲ.

ಅವರು ಹೊರಗಿನ ಜಗತ್ತನ್ನು ಮರೆತವರೂ ಅಲ್ಲ. ಚಿಲಿ ದೇಶದಲ್ಲಿ 1973ರಲ್ಲಿ ಸೈನ್ಯದವರು ಕೊಂದ ಗಾಯಕ ವಿಕ್ಟರ್ ಹಾರಾ ಬಗ್ಗೆ ಅವರದೊಂದು ಹಾಡಿದೆ. ಅದನ್ನು ಮೊದಲ ಸಲ ಕೇಳಿದಾಗ ಭಾಷೆ ತಿಳಿಯದಿದ್ದರೂ ನಾನು ಸ್ವಲ್ಪ ಹೊತ್ತು ಬೇರೇನೂ ಮಾಡಲಾಗದೆ ಕೂತಿದ್ದೆ.

ರಾಜಕೀಯದ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಸಂಸತ್ತಿಗೆ ನಿಂತರು, ಗೆಲ್ಲಲಿಲ್ಲ. 2003ರಿಂದ 2010ರವರೆಗೆ ಪ್ಲೈಡ್ ಕಮ್ರಿಯ ಅಧ್ಯಕ್ಷರಾಗಿದ್ದರು. ಗ್ವಿನೆದ್ ಕೌಂಟಿಯ ಕೌನ್ಸಿಲರ್ ಆಗಿದ್ದಾಗ ಆಡಳಿತ ಸಣ್ಣ ಹಳ್ಳಿಶಾಲೆಗಳನ್ನು ಮುಚ್ಚುವ ಯೋಜನೆ ತಂದಿತು, ಅದನ್ನು ವಿರೋಧಿಸಿ ಹೊಸ ಪಕ್ಷವೇ ಹುಟ್ಟಿತು, 2008ರಲ್ಲಿ ಆ ಪಕ್ಷದ ಎದುರು ಇವಾನ್ ತಮ್ಮ ಸ್ಥಾನ ಕಳೆದುಕೊಂಡರು. ಹಳ್ಳಿ ಉಳಿಯಲಿ ಎಂದು ಜೀವಮಾನ ಹಾಡಿದವರಿಗೆ ಹಳ್ಳಿಯವರೇ ಕೊಟ್ಟ ಸೋಲು. ನೋವಾಗಿರಲೇಬೇಕು. ಆದರೆ ಆಮೇಲೂ ಹಾಡುವುದನ್ನು ಬಿಡಲಿಲ್ಲ, ಚರ್ಚುಗಳಲ್ಲಿ ಉಪದೇಶ ಮಾಡುವುದನ್ನೂ ಬಿಡಲಿಲ್ಲ. ಅಧಿಕಾರದ ಕುರ್ಚಿಗಿಂತ ಹಾಡು ಅವರಿಗೆ ಚೆನ್ನಾಗಿ ಒಗ್ಗಿತ್ತು ಎಂದೇ ನನ್ನ ಅಭಿಪ್ರಾಯ.

ಅಷ್ಟರಲ್ಲಿ ಕಾಲ ಬದಲಾಗಿತ್ತು. 1997ರಲ್ಲಿ ಮತ್ತೆ ಜನಮತ ಕೇಳಿದಾಗ ಬೇಕು ಅಂದವರು ಗೆದ್ದರು, ಅಂತರ ಕೇವಲ 6,721 ಮತ. 1999ರಲ್ಲಿ ಕಾರ್ಡಿಫ್‌ನಲ್ಲಿ ವಿಧಾನಸಭೆ ಶುರುವಾಯಿತು. ವೆಲ್ಷ್ ಮಾಧ್ಯಮದ ಶಾಲೆಗಳಿಂದ ಮಕ್ಕಳು ಹೊರಬರುತ್ತಿದ್ದರು. ಹಾಡು ಮಾತ್ರ ತನ್ನ ಪಾಡಿಗೆ ಮದುವೆ, ಪಬ್ಬು, ಶಾಲೆಯ ಬಸ್ಸು, ರಗ್ಬಿ ಮೈದಾನಗಳಲ್ಲಿ ಓಡಾಡಿಕೊಂಡಿತ್ತು. 2020ರ ಜನವರಿಯಲ್ಲಿ ಅಭಿಮಾನಿಗಳು ಸೇರಿ ಅದನ್ನು ಬ್ರಿಟನ್ನಿನ ಐಟ್ಯೂನ್ಸ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿಸಿದರು. ಆಗ ಅವರಿಗೆ 76 ವರ್ಷ.

2022ರ ಮಾರ್ಚ್ 24ರಂದು ಆಸ್ಟ್ರಿಯಾ ವಿರುದ್ಧದ ಪಂದ್ಯದ ಮುಂಚೆ ಫುಟ್‌ಬಾಲ್ ಸಂಸ್ಥೆಯವರು ಅವರನ್ನು ಕರೆಸಿ ಹಾಡಿಸಿದರು. ವೇಲ್ಸ್ 2-1ರಿಂದ ಗೆದ್ದಿತು, ಎರಡೂ ಗೋಲು ಗ್ಯಾರೆತ್ ಬೇಲ್ ಅವರದ್ದು. ಜೂನ್ 5ರಂದು ಉಕ್ರೇನ್ ವಿರುದ್ಧ ಮತ್ತೆ ಕರೆಸಿದರು. ಧೋ ಅಂತ ಮಳೆ. ವೇಲ್ಸ್ 1-0ರಿಂದ ಗೆದ್ದಿತು, 1958ರ ನಂತರ ಮೊದಲ ಸಲ ವಿಶ್ವಕಪ್‌ಗೆ ಹೋಯಿತು. ಪಂದ್ಯ ಮುಗಿದ ಮೇಲೆ ಅವರು ಆಟಗಾರರ ಜೊತೆ ಮೈದಾನದಲ್ಲೇ ನಿಂತು ಇನ್ನೊಮ್ಮೆ ಹಾಡಿದರು. ಹಾಡುತ್ತಿದ್ದ ಆಟಗಾರರಲ್ಲಿ, ಜನರಲ್ಲಿ ಎಷ್ಟೋ ಮಂದಿಗೆ ವೆಲ್ಷ್ ಮಾತಾಡಲು ಬರುವುದಿಲ್ಲ. ಈ ಹಾಡಿನಷ್ಟು ವೆಲ್ಷ್ ಬರುತ್ತದೆ. ತಂಡದ ವಿಶ್ವಕಪ್ ಗೀತೆಯಾಗಿ ಆಯ್ಕೆಯಾದದ್ದೂ ಅದೇ.

ಇಲ್ಲಿಗೇ ನಿಲ್ಲಿಸಿದರೆ ಚಪ್ಪಾಳೆ ಬರುತ್ತದೆ. ಆದರೆ ಪೂರ್ತಿ ಹೇಳಬೇಕು. ನವೆಂಬರ್ 29ರಂದು ವೇಲ್ಸ್ ತನ್ನ ಕೊನೆಯ ಪಂದ್ಯ ಆಡಿ ಕತಾರ್‌ನಿಂದ ಹೊರಬಿತ್ತು. ಸರಿಯಾಗಿ ಒಂದು ವಾರಕ್ಕೆ, ಡಿಸೆಂಬರ್ 6ರಂದು, 2021ರ ಜನಗಣತಿಯ ಭಾಷೆಯ ಅಂಕಿಗಳು ಹೊರಬಂದವು. ವೆಲ್ಷ್ ಮಾತಾಡಬಲ್ಲವರು ನೂರಕ್ಕೆ 17.8, ಸುಮಾರು 5,38,000 ಜನ. ಹತ್ತು ವರ್ಷದ ಹಿಂದೆ ನೂರಕ್ಕೆ 19 ಇತ್ತು. ಇಳಿದದ್ದು ಮುಖ್ಯವಾಗಿ ಮಕ್ಕಳ ಸಂಖ್ಯೆಯಲ್ಲಿ. ಕ್ರೀಡಾಂಗಣದ ತುಂಬಾ ಹಾಡಿದವರು ಮನೆಗೆ ಹೋಗಿ ಮಕ್ಕಳ ಜೊತೆ ಯಾವ ಭಾಷೆಯಲ್ಲಿ ಮಾತಾಡುತ್ತಾರೆ ಅನ್ನುವುದನ್ನು ಹಾಡು ತೀರ್ಮಾನಿಸಲಾರದು. ಇದು ನನಗೆ ನಿಜವಾಗಿಯೂ ಸಂಕಟದ ಸಂಗತಿ. ಹಾಗೆಂದು 2022ರ ಆ ಸಂಜೆ ಸುಳ್ಳು ಅಂತಲೂ ನಾನು ಹೇಳಲಾರೆ. ಸಾಂಡರ್ಸ್ ಲೂಯಿಸ್ ಹೇಳಿದ ಗಡುವು ದಾಟಿ 20 ವರ್ಷಕ್ಕೂ ಹೆಚ್ಚಾಗಿದೆ. ಐದು ಲಕ್ಷಕ್ಕೂ ಮಿಕ್ಕಿ ಜನ ಇನ್ನೂ ಆ ಭಾಷೆಯಲ್ಲಿ ಮಾತಾಡುತ್ತಿದ್ದಾರೆ.

ಮಾತು ಮುಗಿದ ಮೇಲೆ ಒಬ್ಬ ಹುಡುಗಿ ಕೇಳಿದಳು, ಅವರ ಯಾವ ಹಾಡಿನಿಂದ ಶುರು ಮಾಡಲಿ ಸರ್, ಆ ಫುಟ್‌ಬಾಲ್ ಹಾಡಾ? ಬೇಡ, ಅದು ಹೇಗೂ ಕಿವಿಗೆ ಬೀಳುತ್ತದೆ ಅಂದೆ. ಎಪ್ಪತ್ತರ ದಶಕದ ಆ ಮಕ್ಕಳ ಹಾಡುಗಳಿಂದ ಶುರು ಮಾಡು, ಎರಡು ದನಿ, ಒಂದು ಗಿಟಾರ್, ಪದಗಳು ನಿಧಾನ. ಅರ್ಥ ಆಗದಿದ್ದರೂ ಮೂರನೇ ಸಲಕ್ಕೆ ಜೊತೆಗೆ ಗುನುಗಲು ಬರುತ್ತದೆ.